ಚೆನ್ನವೀರ ತಂದ ಬೀಜ

ಭೀಮಾನದಿಯ ದಡದ ಆಶ್ರಮಕ್ಕೆ ಆ ವರ್ಷ ನೆರೆ ನುಗ್ಗಿ, ಬಿತ್ತನೆಗೆಂದು ಇಟ್ಟಿದ್ದ ಜೋಳವೆಲ್ಲ ಮುಗ್ಗಿಹೋಯಿತು. ಕೂಡಿಟ್ಟಿದ್ದ ಹಣವನ್ನೆಲ್ಲ ಗುರುಗಳು ಶಿಷ್ಯ ಚೆನ್ನವೀರನಿಗೆ ಒಪ್ಪಿಸಿದರು.

"ಹೊಸ ಬೀಜ ತಗೊಂಡು ಬಾ. ಬೀಜ ಕೆಟ್ಟರ ವರ್ಷಪೂರ್ತಿ ಬಂದವರಿಗೆ ರೊಟ್ಟಿ ಇಲ್ಲ."

ಚೆನ್ನವೀರ ಮೊದಲು ಸಂತೆಗೆ ಹೋಗಿ ಎರಡು ಹಿಡಿ ಜೋಳ ತಂದ. ಒಂದು ಅವನ ಊರಿನ ವ್ಯಾಪಾರಿ ಸಾತಪ್ಪನದು, ಇನ್ನೊಂದು ಕಲ್ಲಪ್ಪನದು. ಈ ಕಲ್ಲಪ್ಪ ಹಿಂದೊಮ್ಮೆ ತುಂಬಿದ ಸಂತೆಯಲ್ಲಿ ಅವನನ್ನು 'ಪುಕ್ಕಟೆ ಕೂಳಿನ ಸನ್ಯಾಸಿ' ಎಂದು ಹಂಗಿಸಿದ್ದ. ಆ ನೋವು ಇನ್ನೂ ಆರಿರಲಿಲ್ಲ.

"ಸಾತಪ್ಪಂದೇ ತರೋಣ್ರಿ ಅಪ್ಪಾವರ. ನಮ್ಮೂರ ಜೋಳ. ಅದನ್ನ ತಿಂದೇ ಬೆಳದೀನ್ರಿ."

"ಕಾಳು ನೋಡಿದ್ಯಾ?"

"ಸಾತಪ್ಪ ಸುಳ್ಳು ಹೇಳಂಗಿಲ್ರಿ."

"ನಾ ಕೇಳಿದ್ದು ಕಾಳಿನ ಮಾತು."

ಚೆನ್ನವೀರ ತಲೆ ಕೆರೆದುಕೊಂಡ. ಹೆತ್ತವರಿಗೆ ಹೆಗ್ಗಣ ಮುದ್ದು. ಹುಟ್ಟಿದೂರಿನದು ಅಂದರೆ ಹುಳುಕು ಕಾಳೂ ಮುತ್ತೇ.

ಗುರುಗಳು ಎರಡನ್ನೂ ಬೇರೆ ಬೇರೆ ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಬದಿಗಿಟ್ಟರು. ಮೊಳಕೆಯ ಹೊತ್ತಿಗೆ ಗಂಟು ಬಿಚ್ಚಿದರೆ, ಸಾತಪ್ಪನ ಕಾಳಿನಲ್ಲಿ ಅರ್ಧಕ್ಕರ್ಧ ಹಾಗೇ ಬಿದ್ದಿದ್ದವು. ಕಲ್ಲಪ್ಪನವು ಹೆಚ್ಚುಕಡಿಮೆ ಎಲ್ಲವೂ ಮೊಳೆತಿದ್ದವು.

"ಇನ್ನೊಂದು ಸಲ ಕಟ್ಟಿ ನೋಡೋಣ್ರಿ," ಎಂದ ಚೆನ್ನವೀರ.

"ಸಾತಪ್ಪಂದು ಮೊಳೆತಿದ್ದರ ಇನ್ನೊಂದು ಸಲ ಅಂತಿದ್ಯಾ?"

ಅವನಿಗೆ ನಾಚಿಕೆಯಾಯಿತು. ಬಂಡಿ ಹೂಡಿಕೊಂಡು ಕಲ್ಲಪ್ಪನಿದ್ದ ಸಂತೆಗೆ ಹೊರಟ.

ಕಲ್ಲಪ್ಪನ ನಾಲಿಗೆ ಸುಮ್ಮನಿದ್ದೀತೇ? ದೂರದಿಂದಲೇ ಕೂಗಿದ: "ಏನ್ ಸನ್ಯಾಸಿ, ಪುಕ್ಕಟೆ ಕೂಳು ಮುಗೀತೇನು?"

ಸುತ್ತಲಿದ್ದವರು ನಕ್ಕರು. ಚೆನ್ನವೀರನ ಮೈ ಉರಿಯಿತು. ಬಂಡಿ ತಿರುಗಿಸಿಬಿಡಲೇ ಅನ್ನಿಸಿತು. ತಿರುಗಿಸಿದರೆ ತನ್ನ ಮಾನ ಉಳಿಯುತ್ತದೆ, ಆಶ್ರಮಕ್ಕೆ ಬಂದವರು ಉಪವಾಸ ಹೋಗುತ್ತಾರೆ.

ಅವನು ಇಳಿದು ಕಲ್ಲಪ್ಪನ ಚೀಲದ ತಳಕ್ಕೆ ಕೈಹಾಕಿ ಹಿಡಿ ಕಾಳು ತೆಗೆದ. ಹೆಗಲ ಮೇಲಿನ ವಲ್ಲಿಯನ್ನೇ ನೀರಲ್ಲಿ ಅದ್ದಿ ಅದರಲ್ಲಿ ಕಟ್ಟಿಕೊಂಡ.

"ನನ್ನ ಮ್ಯಾಲಿನ ಸಿಟ್ಟಿಗೆ ಹಿಂಗ ಮಾಡ್ತೀಯೇನು?" ಎಂದ ಕಲ್ಲಪ್ಪ.

"ಸಿಟ್ಟು ಐತಿ. ಕಾಳಿನ ಮ್ಯಾಲ ಇಲ್ಲ."

ಮೊಳಕೆ ಬರುವವರೆಗೂ ಅವನು ಸಂತೆಯ ಛತ್ರದಲ್ಲೇ ಉಳಿದ. ಕಾಳು ಮೊಳೆತವು. ಚೀಲಗಳನ್ನು ಬಂಡಿಗೆ ಹೇರಿಸಿದ.

ಆ ಸುಗ್ಗಿಗೆ ಹೊಲದ ತುಂಬ ತೆನೆ ತೊನೆದಾಡಿದವು. ಆಶ್ರಮದ ಕಣಜ ತುಂಬಿತು. ಉಳಿದದ್ದನ್ನು, ನೆರೆಯಲ್ಲಿ ಎಲ್ಲ ಕಳೆದುಕೊಂಡಿದ್ದ ಅಕ್ಕಪಕ್ಕದ ಊರಿನವರು ಬೀಜಕ್ಕೆಂದು ಹೊತ್ತೊಯ್ದರು. ಹೋಗುವಾಗ ಎಲ್ಲರ ಬಾಯಲ್ಲೂ ಚೆನ್ನವೀರನ ಹೆಸರು. ಅವನ ಕಾಲು ನೆಲದ ಮೇಲಿರಲಿಲ್ಲ.

ರಾಶಿಯ ದಿನ ಪಂಕ್ತಿಯಲ್ಲಿ ಬಿಸಿ ರೊಟ್ಟಿ ಬಡಿಸುತ್ತ ಅವನು ಗುರುಗಳ ಮುಂದೆ ಬಂದು ನಿಂತ.

"ಕಲ್ಲಪ್ಪನ ಬಾಯಿ ಅಷ್ಟೇ ಕೆಟ್ಟದ್ದು ಅಪ್ಪಾವರ, ಮನುಷ್ಯಾ ಬಂಗಾರ. ಮುಂದಿನ ವರ್ಷ ಕಡ್ಲಿ ಬೀಜಾನೂ ಕಣ್ಮುಚ್ಚಿ ಅವನ ಕಡೆನೇ ತರ್ತೀನ್ರಿ."

ಗುರುಗಳು ರೊಟ್ಟಿ ಮುರಿದು ನಕ್ಕರು.

"ಅವನ್ನ ಊಟಕ್ಕ ಕರಿ. ಬೀಜದ ಮಾತು ಬೀಜ ನೋಡಿದ ಮ್ಯಾಲ."