ಕೆಸುವಿನ ಎಲೆಯ ಮೇಲೆ ನಿಲ್ಲದ ಹನಿ

ಆಗಿನ್ನೂ ಭೂಮಿ ಹೊಸದು, ಮಗೂ. ದೇವರು ಗಿಳಿಗೆ ಹಚ್ಚಿದ ಹಸಿರು ಪೂರ್ತಿ ಒಣಗಿರಲಿಲ್ಲ. ಕುಂಬಾರನ ತಿಗರಿ ಒಂದು ಸುತ್ತೂ ಸುತ್ತಿರಲಿಲ್ಲ; ಹಾಗಾಗಿ ಲೋಕದಲ್ಲಿ ಮಡಕೆ ಅನ್ನುವುದೇ ಇರಲಿಲ್ಲ.

ಆ ಕಾಲದಲ್ಲಿ ತುಂಗಕ್ಕ ಅಂತ ಒಬ್ಬಳು ಅಜ್ಜಿ. ಅವಳಿಗೊಬ್ಬಳು ಮೊಮ್ಮಗಳು, ಚಂಪಿ. ಮನೆ ಹಿಂದೆ ಪುಟ್ಟ ಹಿತ್ತಲು. ಅಲ್ಲಿ ಬದನೆ, ಬಸಳೆ, ದಾಸವಾಳ. ನಡುವೆ ಒಂದು ತುಳಸಿ ಸಸಿ, ಅದರ ಮಗ್ಗುಲಲ್ಲೇ ಅಗಲ ಎಲೆಯ ಕೆಸು.

ಬೇಸಿಗೆ ಬಂತು. ಎಂಥ ಬೇಸಿಗೆ ಅಂತೀಯಾ! ಗಾಳಿಗೆ ನಿಂತಲ್ಲಿ ನಿಲ್ಲಲಾಗದು. ಬೇಲಿ ಹಾರಿ ಬರುವುದು, ಬಸಳೆ ಚಪ್ಪರ ಅಲ್ಲಾಡಿಸುವುದು, ಮತ್ತೆ ಓಡುವುದು. ದಿನಾ ಮಧ್ಯಾಹ್ನ ಮೋಡವೊಂದು ಇಣುಕುವುದು, ಏನೋ ಮರೆತವರ ಹಾಗೆ ವಾಪಸ್ಸು ಹೋಗುವುದು. ಇರುವೆಗಳು ಮೊಟ್ಟೆ ಹೊತ್ತು ಗೂಡಿನಿಂದ ಹೊರಗೆ, ಹೊರಗಿನಿಂದ ಗೂಡಿಗೆ. ಯಾರಿಗೂ ನೆಮ್ಮದಿಯಿಲ್ಲ.

ಬಾವಿ ಬತ್ತುತ್ತಾ ಬಂತು. ಮನೆಮಂದಿ ಕುಡಿದು ಹಿತ್ತಲಿಗೆ ಉಳಿಯುತ್ತಿದ್ದದ್ದು ದಿನಕ್ಕೆ ಒಂದೇ ಬೊಗಸೆ ನೀರು.

ತುಂಗಕ್ಕನೋ, ತುಳಸಿಗೆ ನೀರೆರೆಯದೆ ತುತ್ತು ಎತ್ತುವವಳಲ್ಲ. ಒಮ್ಮೆಲೇ ಸುರಿದರೆ ಕಾದ ಮಣ್ಣು ಹಬೆಯಾಗಿಸಿಬಿಡುತ್ತದೆ. ಹನಿ ಹನಿಯಾಗಿ ದಿನವಿಡೀ ಬೀಳಬೇಕು. ತೂತಿನ ಮಡಕೆ ಕಟ್ಟೋಣವೆಂದರೆ ಮಡಕೆ ಎಲ್ಲಿದೆ?

ಅವಳು ಕೆಸುವಿನ ಎಲೆಯನ್ನು ಮೆಲ್ಲಗೆ ತುಳಸಿಯ ಮೇಲೆ ಬಾಗಿಸಿ, ಆ ಬೊಗಸೆ ನೀರನ್ನು ಅದರಲ್ಲಿ ಎರೆದಳು. “ಕೆಸವ್ವಾ, ನೀನೇ ಧಾರಾಪಾತ್ರೆ ಆಗು ತಾಯಿ. ಅವಳ ಬುಡಕ್ಕೆ ಹನಿ ಹನಿ ಬಿಡು.”

“ಆಗಲಿ ಅಜ್ಜಿ,” ಅಂದಿತು ಕೆಸು.

ಆದರೆ ಆಗ ಕೆಸುವಿನ ಎಲೆ ಬಟ್ಟೆಯ ಹಾಗೆ ನೀರು ಹೀರುತ್ತಿತ್ತು. ಮೊದಲ ದಿನ ಒಂದು ಹನಿ ಕುಡಿಯಿತು. ಒಂದೇ ತಾನೆ, ಅಂದುಕೊಂಡಿತು. ಮರುದಿನ ಎರಡು. ಎರಡೇ ತಾನೆ. ಐದನೆಯ ದಿನ ತುಳಸಿಯ ಬುಡಕ್ಕೆ ಏನೂ ಬೀಳಲಿಲ್ಲ. ತುಳಸಿಯ ಎಲೆಗಳು ಒಂದೊಂದೇ ಉದುರಿ, ತುದಿಯಲ್ಲಿ ಎರಡೇ ಎರಡು ಉಳಿದವು.

“ಅಜ್ಜೀ, ತುಳಸಿ ಸತ್ತು ಹೋಗ್ತಾಳಾ?”

“ಬಿಡ್ತು ಅನ್ನು! ನನ್ನ ಪೂಜೆಯಲ್ಲೇ ಏನೋ ತಪ್ಪಾಗಿದೆ ಕಣೇ. ಅವಳು ಚಿಗುರೋ ತನಕ ನಾನು ಅನ್ನ ಮುಟ್ಟಲ್ಲ.”

“ನಾನೂ ಮುಟ್ಟಲ್ಲ.” ಚಂಪಿ ಅಡುಗೆಮನೆಯ ಕಡೆ ಕಣ್ಣು ಹಾಯಿಸಿದಳು. “ಬೆಲ್ಲ ಮುಟ್ಟಬಹುದಾ?”

“ನೀನು ಅನ್ನವನ್ನೂ ತಿನ್ನು, ಬೆಲ್ಲವನ್ನೂ ತಿನ್ನು. ಮಕ್ಕಳು ಉಂಡರೆ ದೇವರಿಗೆ ಖುಷಿ.”

ಅಜ್ಜಿ ತುಳಸಿಯ ಮುಂದೆ ಕಣ್ಣು ಮುಚ್ಚಿ ಕೂತಳು. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ಗಾಳಿ ಓಡಿ ಬಂದು ಕೆಸುವಿನ ಕಿವಿ ಹಿಂಡಿತು. “ಏನಮ್ಮಾ, ಊರೆಲ್ಲ ಬಾಡಿದೆ, ನೀನೊಬ್ಬಳು ಮದುವಣಗಿತ್ತಿ ಹಾಗೆ ಹೊಳೀತಿದ್ದೀಯಲ್ಲ! ಮುದುಕಿ ಬರೀ ಹೊಟ್ಟೆಯಲ್ಲಿ ಕೂತಿದ್ದಾಳೆ, ತನ್ನದೇ ತಪ್ಪು ಅಂತ.”

ಕೆಸುವಿಗೆ ಒಳಗೊಳಗೇ ಉರಿ ಹತ್ತಿತು. ಅತ್ತ ವಾಲಿತು, ಇತ್ತ ವಾಲಿತು. ಕೊನೆಗೆ ಮೋಡವನ್ನು ಕೂಗಿತು. “ಮೋಡಣ್ಣಾ, ಒಂದು ಹನಿ ಕೊಡು! ನನಗಲ್ಲ, ತುಳಸಿಗೆ.”

“ನಿನ್ನ ಕೈಗಾ? ಕೊಟ್ಟ ಹಾಗೇ ಇದೆ! ದಾರಿಯಲ್ಲೇ ಕುಡಿದುಬಿಡ್ತೀಯ.”

“ಭಗವಂತಾ,” ಎಂದು ಕೆಸು ಅತ್ತಿತು, “ಕುಡಿದವಳು ನಾನು. ಅಜ್ಜಿಯದೇನೂ ತಪ್ಪಿಲ್ಲ. ಇನ್ನು ಮೇಲೆ ಎಷ್ಟು ಮಳೆ ಸುರಿದರೂ ನನ್ನ ಎಲೆ ಒದ್ದೆಯಾಗದಿರಲಿ.”

ನಿಜ ಹೇಳಿಕೊಂಡವರ ಮೊರೆ ದೇವರಿಗೆ ಬೇಗ ಕೇಳಿಸುತ್ತದೆ, ಮಗೂ. ಗುಡುಗು ಗುಡುಗುಟ್ಟಿತು. ದಪ್ಪ ಹನಿಯೊಂದು ಕೆಸುವಿನ ಮೇಲೆ ಬಿತ್ತು. ಅಂಟಲಿಲ್ಲ. ಇಂಗಲಿಲ್ಲ. ಮುತ್ತಿನ ಹಾಗೆ ದುಂಡಗಾಗಿ ಉರುಳಿ, ತುದಿಯಿಂದ ಜಾರಿ, ಸೀದಾ ತುಳಸಿಯ ಬುಡಕ್ಕೆ! ಅದರ ಹಿಂದೆಯೇ ಮಳೆ ಧೋ ಎಂದು ಸುರಿಯಿತು. ಬದನೆ ತಲೆಯೆತ್ತಿತು, ಬಸಳೆ ಚಪ್ಪರ ಹತ್ತಿತು, ಮಣ್ಣು ಘಮ್ಮೆಂದಿತು.

ಮಳೆ ಬಂದ ಮೂರನೆಯ ದಿನ ತುಳಸಿ ಚಿಗುರಿತು. ಚಂಪಿ ಅನ್ನದ ತಟ್ಟೆ ತಂದು ಅಜ್ಜಿಯ ಮುಂದಿಟ್ಟಳು. ಅಜ್ಜಿ ತುತ್ತು ಎತ್ತುವ ಮೊದಲು ಕೆಸುವನ್ನು ಸವರಿದಳು. “ನಿನ್ನ ಪಾಲು ಬೇರಿನಿಂದ ಕುಡಿಯೇ ತಾಯಿ. ಅಲ್ಲೂ ದೇವರು ಇಟ್ಟಿದ್ದಾನೆ.”

ಮಳೆ ನಿಂತ ಮೇಲೆ ನಮ್ಮ ಹಿತ್ತಲಿಗೆ ಹೋಗಿ ನೋಡು. ಎಲ್ಲ ಎಲೆಯೂ ಒದ್ದೆ, ಕೆಸುವಿನ ಎಲೆ ಮಾತ್ರ ಇಲ್ಲ. ಅದರ ಮೇಲಿನ ಹನಿ ಒಂದು ಕ್ಷಣವೂ ಸುಮ್ಮನಿರದೆ ಅತ್ತ ಇತ್ತ ಉರುಳಾಡುತ್ತಿರುತ್ತದಲ್ಲ, ಅದು ಇವತ್ತಿಗೂ ತುಳಸಿ ಯಾವ ಕಡೆ ಇದ್ದಾಳೆಂದು ಹುಡುಕುತ್ತಿದೆ.