ಕಪ್ಪು ಕುಳಿಯ ಬಾಯಲ್ಲಿ ಸಕೀನಾಳ ನೌಕೆ

ಸಂಗಮೇಶ ಮತ್ತು ಅವನ ಅಕ್ಕ ನೀಲಾ ಮೊಬೈಲಿನ ಆಟವೊಂದರಲ್ಲಿ ಆಕಾಶನೌಕೆ ಕಟ್ಟಿದ್ದರು. ಅದರ ಎರಡು ರೆಕ್ಕೆಗಳಿಗೆ ಎರಡು ಹಳೆಯ ಎಂಜಿನ್. ನಿಧಾನ, ಆದರೆ ಕೈಕೊಟ್ಟವಲ್ಲ.

ಒಂದು ಭಾನುವಾರ ಪಕ್ಕದ ಮನೆಯ ಸಕೀನಾ ಮೊಬೈಲ್ ಹಿಡಿದು ಅಳುತ್ತ ಬಂದಳು. ಅದೇ ಆಟದಲ್ಲಿ ಅವಳ ನೌಕೆಯ ಇಂಧನ ಮುಗಿದು, ಕಪ್ಪು ಕುಳಿಯೊಂದು ಅದನ್ನು ಎಳೆಯುತ್ತಿತ್ತು. ಕುಳಿ ನುಂಗಿದರೆ ಬೇಸಿಗೆ ರಜೆಯಿಡೀ ಕೂತು ಕಟ್ಟಿದ್ದೆಲ್ಲ ನೀರಿನಲ್ಲಿ ಹೋಮ.

"ಅಳಬ್ಯಾಡ. ಏನಾರ ಆಗಲಿ, ಎಳಕೊಂಡು ಬರ್ತೀವಿ" ಎಂದಳು ನೀಲಾ.

ಹಳೆಯ ಎಂಜಿನ್‌ಗಳು ಅಲ್ಲಿಗೆ ಮುಟ್ಟುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಸಂಗಮೇಶನ ಬಳಿ ಆಟದಲ್ಲಿ ಗೆದ್ದ ಹೊಸ ಎಂಜಿನ್ ಒಂದಿತ್ತು, ಬಲ ಎರಡರಷ್ಟು. ಅವನು ಎಡಗಡೆಯ ಹಳೆಯದನ್ನು ಕಿತ್ತು, ಹೊಸದನ್ನು ರೆಕ್ಕೆಯ ತುತ್ತತುದಿಗೆ ಕೂರಿಸಿದ. ತುದಿಗೇ ಏಕೆ? ನೋಡಿದವರಿಗೆಲ್ಲ ಕಾಣಲಿ ಎಂದು!

ನೌಕೆ ಮುಂದೆ ಹೋಗಲೇ ಇಲ್ಲ. ನಿಂತಲ್ಲೇ ಬುಗುರಿಯಂತೆ ತಿರುಗಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗಾಯಿತು.

"ಈ ಹಳೇದ ಅಡ್ಡ ಬರಾಕತ್ತೈತಿ" ಎಂದು ಸಂಗಮೇಶ ಅದನ್ನೂ ಕಿತ್ತ. ಹೊಸದೊಂದನ್ನೇ ನಡುವೆ ಇಟ್ಟ. ಭರ್ರನೆ ಹಾರಿದ ನೌಕೆ ಅರ್ಧ ದಾರಿಯಲ್ಲಿ ಕಾದು ಕೆಂಪಾಗಿ ನಿಂತುಬಿಟ್ಟಿತು. ಭಾರವೆಲ್ಲ ಒಂದರ ಮೇಲೆಯೇ ಬಿದ್ದರೆ ಇನ್ನೇನಾದೀತು? ಅಷ್ಟರಲ್ಲಿ ಸಕೀನಾಳ ನೌಕೆ ಇನ್ನಷ್ಟು ಜಾರಿತ್ತು. ಅವಳು ಕಣ್ಣು ಮುಚ್ಚಿಕೊಂಡಳು.

"ಬಿಡಕ್ಕಾ, ಇದು ಆಗೂದಲ್ಲ" ಎಂದ ಸಂಗಮೇಶ.

ನೀಲಾ ಬಿಡಲಿಲ್ಲ. "ಲೇ ತಮ್ಮಾ, ದೊಡ್ಡಪ್ಪ ಎಳೇ ಹೋರೀನ ಬಲವಾದ ಎತ್ತಿನ ಕೂಡ ಹೂಡ್ತಾರಲ್ಲ, ನೊಗದ ಹಗ್ಗ ನಟ್ಟನಡುವ ಕಟ್ತಾರೇನು?"

"ಇಲ್ಲ. ಬಲ ಇದ್ದ ಎತ್ತಿನ ಕಡೆ ಸರಿಸಿ ಕಟ್ತಾರ."

"ಅದಕ್ಕ ನೇಗಿಲು ನೆಟ್ಟಗ ಹೋಗತೈತಿ. ತಾ ಇಲ್ಲೆ."

ಹೊಸದು ತಣಿಯುವಷ್ಟರಲ್ಲಿ ಅವಳು ಹಳೆಯ ಎಂಜಿನ್ನನ್ನು ಬಲ ರೆಕ್ಕೆಯ ತುದಿಗೆ ಮತ್ತೆ ಕೂರಿಸಿದಳು. ಹೊಸದನ್ನು ಎಡಗಡೆ, ನೌಕೆಯ ಹೊಟ್ಟೆಗೆ ಹತ್ತಿರ ತಂದಳು. ನೌಕೆ ಈಗ ಎಡಕ್ಕೆ ವಾಲಿತು. ಹೊಸದನ್ನು ತುಸು ಹೊರಗೆ ಸರಿಸಿದಳು. ಆದರೂ ತುಸು ವಾಲಿತು. ಹಲ್ಲು ಕಚ್ಚಿ ಮತ್ತೆ ಸರಿಸಿದಳು. ನೌಕೆ ಗೆರೆ ಎಳೆದಂತೆ ನೆಟ್ಟಗೆ ಹೊರಟಿತು. ಭಾರ ಹಂಚಿಹೋದದ್ದರಿಂದ ಹೊಸದು ಕಾಯಲೂ ಇಲ್ಲ.

ಕುಳಿಯ ಅಂಚಿನಲ್ಲಿ ಸಂಗಮೇಶ ಕೊಂಡಿ ಸಿಕ್ಕಿಸಿದ. ಎರಡೂ ಎಂಜಿನ್ ಒಟ್ಟಿಗೆ ಮೊರೆದವು. ಸಕೀನಾಳ ನೌಕೆ ಕದಲಿತು, ಹಿಂದೆ ಸರಿಯಿತು, ಬೆಳಕಿಗೆ ಬಂತು. ಮೂವರೂ ಕುಣಿದಾಡಿದರು.

ಕುಣಿದು ಸುಸ್ತಾದ ಮೇಲೆ ಸಂಗಮೇಶನಿಗೆ ಒಂದು ಕೊರಗು ಹತ್ತಿತು. "ನನ್ನ ಹೊಸಾ ಎಂಜಿನ್ ತುದಿ ಬಿಟ್ಟು ಒಳಗ ಸೇರಿಬಿಡ್ತು. ಯಾರಿಗೂ ಕಾಣಂಗಿಲ್ಲ."

ಸಕೀನಾ ಕಣ್ಣೊರೆಸಿಕೊಂಡು ತನ್ನ ನೌಕೆ ತೋರಿಸಿದಳು. "ಅದು ಕಾಣದಿದ್ರ ಏನಾತು? ಇದು ಕಾಣಾಕತ್ತೈತಲ್ಲ!"

ನೀತಿ: ಹೊಸದು ಬಂತೆಂದು ಹಳೆಯದನ್ನು ಕಿತ್ತೆಸೆಯಬೇಡಿ, ಹಳೆಯದೇ ಸಾಕೆಂದು ಹೊಸದನ್ನು ದೂರ ಇಡಬೇಡಿ. ಅವುಗಳ ಬಲ ನೋಡಿ ಜಾಗ ಕೊಡಿ. ಸರಿಯಾದ ಜಾಗ ಸಿಗುವವರೆಗೂ ಕೈಬಿಡಬೇಡಿ.