ಬಳೆಗಾರನ ಹಳೆಯ ಕಾರು

“ಗುರುಗಳೇ, ದಿನವೂ ಮಲಗುವ ಮುನ್ನ ನನ್ನ ಮನಸ್ಸನ್ನು ಪರೀಕ್ಷಿಸಿಕೊಳ್ಳುತ್ತೇನೆ. ದಿನವೂ ಏನಾದರೊಂದು ಕೊಳಕು ಸಿಗುತ್ತದೆ. ಇಷ್ಟು ವರ್ಷ ನೋಡಿಕೊಂಡ ಮೇಲೂ ಹೀಗಾದರೆ, ನೋಡಿಕೊಂಡು ಫಲವೇನು?” ಎಂದು ನಿಜಗುಣನೆಂಬ ಶಿಷ್ಯ ಕೇಳಿದ. ಅವನ ದನಿ ಸೋತಿತ್ತು.

“ಮುಖ ಇಷ್ಟುದ್ದ ಮಾಡಿಕೊಳ್ಳಬೇಡ, ಕೇಳು,” ಎಂದು ನಕ್ಕು ಗುರುಗಳು ಹೇಳತೊಡಗಿದರು.

ಘಟ್ಟದ ಮೇಲಿನ ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಅವನದು ಹಳೆಯ ಕಾರು. ಅದರಲ್ಲೇ ಗಾಜಿನ ಬಳೆ ತುಂಬಿಕೊಂಡು ಕೆಳಗಿನ ಸಂತೆಗಳಿಗೆ ಇಳಿಯುತ್ತಿದ್ದ. ಆಹಾ, ಅವನ ಶ್ರದ್ಧೆಯೇ ಶ್ರದ್ಧೆ! ಬೆಳಗಾದರೆ ಕಾರಿನ ಅಡಿ ಬಗ್ಗಿ ನೋಡುವನು. ಚಕ್ರದ ಗಾಳಿ, ಎಂಜಿನ್ ಎಣ್ಣೆ, ದೀಪ, ಬ್ರೇಕು ಎಲ್ಲವನ್ನೂ ನೋಡಿಯೇ ಹೊರಡುವನು. ಒಂದು ದಿನ ಬೆಲ್ಟ್ ಸಡಿಲವಾಗಿರುತ್ತಿತ್ತು, ಇನ್ನೊಂದು ದಿನ ಟೈರಿಗೆ ಮೊಳೆ ಚುಚ್ಚಿರುತ್ತಿತ್ತು. ಸರಿಪಡಿಸದೆ ಕಾರು ಹೊರಡಿಸಿದವನೇ ಅಲ್ಲ.

ಎದುರುಮನೆಯ ಜವಳಿ ವ್ಯಾಪಾರಿಗೆ ಇದು ದಿನದ ತಮಾಷೆ. ಅವನ ಕಾರೂ ಹಳೆಯದೇ. “ಏನಯ್ಯಾ, ನಿನ್ನ ಮುದುಕಿಗೆ ಇವತ್ತೇನು ಕಾಯಿಲೆ? ನನ್ನದಕ್ಕೆ ನೋಡು, ಒಂದು ನೆಗಡಿಯೂ ಇಲ್ಲ!” ಎನ್ನುವನು. ಪುಣ್ಯಾತ್ಮ ಒಂದು ದಿನವಾದರೂ ಬಾನೆಟ್ ಎತ್ತಿ ನೋಡಿದ್ದರೆ ತಾನೆ! ಬಳೆಗಾರ ನಕ್ಕು ಮತ್ತೆ ಕಾರಿನ ಅಡಿ ಬಗ್ಗುವನು.

ಒಂದು ಮಧ್ಯಾಹ್ನ ವ್ಯಾಪಾರಿಯ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆ ನೋವು ಬಂತು. ಆಸ್ಪತ್ರೆ ಇದ್ದದ್ದು ಘಟ್ಟದ ಕೆಳಗೆ. ವ್ಯಾಪಾರಿ ಅವಳನ್ನು ತನ್ನ ಕಾರಿನಲ್ಲಿ ಮಲಗಿಸಿ ಎಂಜಿನ್ ಶುರುಮಾಡಿದ. ಕಾಲು ಬ್ರೇಕಿನ ಮೇಲೆ ಹೋಯಿತು, ಅಲ್ಲೇ ನಿಂತಿತು. ಈ ಬ್ರೇಕನ್ನು ಯಾರಾದರೂ ನೋಡಿ ಎಷ್ಟು ಕಾಲವಾಯಿತೆಂದು ಅವನಿಗೆ ನೆನಪೇ ಇರಲಿಲ್ಲ. ಹಿಂದೆ ಮಗಳು ನರಳುತ್ತಿದ್ದಳು. ಇಳಿದು ಎದುರುಮನೆಗೆ ಓಡಿದ.

“ಇವತ್ತು ನಿನ್ನ ಕಾರಿನಲ್ಲಿ ಏನು ಸಿಕ್ಕಿತು, ಮಾರಾಯ?”

“ಬ್ರೇಕ್ ಪೈಪು ಒಸರುತ್ತಿತ್ತು, ಸ್ವಾಮಿ. ಸಂತೆಗೆ ಹೋಗದೆ ಹೊಸ ಪೈಪು ಹಾಕಿಸಿದೆ. ಈಗಷ್ಟೇ ಓಡಿಸಿ ನೋಡಿ ಬಂದೆ.”

“ಹಾಗಾದರೆ ನನ್ನ ಮಗಳು ನಿನ್ನ ಕಾರಿನಲ್ಲೇ ಬರಲಿ.”

ತಿರುವು ತಿರುವಿಗೂ ವ್ಯಾಪಾರಿ ಉಸಿರು ಬಿಗಿಹಿಡಿದ. ಬಳೆಗಾರ ಬ್ರೇಕ್ ಒತ್ತಿದಲ್ಲೆಲ್ಲ ನಿಲ್ಲುತ್ತ, ಜೋಪಾನವಾಗಿ ಇಳಿಯಿತು ಆ ಮುದಿ ಕಾರು. ಸಂಜೆ ಮೊಮ್ಮಗಳು ಹುಟ್ಟಿದಳು. ವ್ಯಾಪಾರಿ ಬಳೆಗಾರನ ಎರಡೂ ಕೈ ಹಿಡಿದು ಅತ್ತುಬಿಟ್ಟ. ತನ್ನ ಕಾರು ಆ ದಿನ ಘಟ್ಟ ಇಳಿಯುತ್ತಿತ್ತೋ ಇಲ್ಲವೋ, ಅವನಿಗೆ ಇಂದಿಗೂ ಗೊತ್ತಿಲ್ಲ.

ಕತೆ ಮುಗಿಸಿ ಗುರುಗಳು ಎದ್ದರು. “ನಿನ್ನಲ್ಲಿ ಏನೂ ಸಿಗದ ದಿನ ಓಡಿ ಬಾ ನಿಜಗುಣ, ನಾನು ಹೆದರಬೇಕಾದ್ದು ಆ ದಿನ.”